ಸುಣ್ಣದ ಕೈ

ಬಿದ್ದವಳು ರಾಧಾಮಣಿ ಒಬ್ಬಳೇ. ಎದ್ದು ಕೂತದ್ದು ಮಾತ್ರ ಇಡೀ ಊರು.

ದಿಬ್ಬೂರಹಳ್ಳಿಯ ಹಾಲಿನ ಡೈರಿ ಮುಂದೆ ರಸ್ತೆಗೆ ಹಂಪು ಹಾಕಿದ್ದಾರೆ. ಬೆಳಗಿನ ಏಳು ಗಂಟೆಗೆ ಕ್ಯಾನು ಹಿಡಿದವರೆಲ್ಲ ಅಲ್ಲೇ ಸಾಲಾಗಿ ನಿಂತಿರುತ್ತಾರೆ. ಕೆರೆಯಾಚೆಯ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದ ರಾಧಾಮಣಿ ಹಂಪಿನ ಹತ್ತಿರ ಬ್ರೇಕು ಹಿಡಿದಳು. ಗಾಡಿಯ ಮುಂಭಾಗ ಮಂಡಿ ಮಡಿಸಿದ ಎತ್ತಿನ ಹಾಗೆ ಕುಸಿಯಿತು. ಚಕ್ರ ಜಾರಿತು. ಹೊರೆ ಒಂದು ಕಡೆ, ಅವಳು ಒಂದು ಕಡೆ.

ನಾಲ್ಕು ಜನ ಓಡಿ ಬರುವಷ್ಟರಲ್ಲಿ ಅವಳು ಎದ್ದು ಸೀರೆ ಕೊಡವಿಕೊಂಡಿದ್ದಳು. ಬಲ ಮೊಣಕೈ ತರಚಿತ್ತು. ಅದನ್ನು ಬಿಟ್ಟು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಉದ್ದ ಕೊಳವೆಗಳಿವೆಯಲ್ಲ, ಪುಸ್ತಕದಲ್ಲಿ ಫೋರ್ಕ್ ಅಂತಾರೆ, ಊರಲ್ಲಿ ಶಾಕಬ್ಸರ್ ಅಂತಾರೆ, ಅದರಲ್ಲಿ ಎಡಗಡೆಯದರ ಮೈಗೆ ಕಪ್ಪು ಬಳೆ ತೊಡಿಸಿದ ಹಾಗೆ ಎಣ್ಣೆ ಸುತ್ತಿಕೊಂಡಿತ್ತು. ಬಳೆಯಿಂದ ಇಳಿದ ಎಣ್ಣೆ ಟೈರಿನವರೆಗೂ ಬಂದಿತ್ತು. ಬಲಗಡೆಯದೂ ಒದ್ದೆಯೇ.

"ಆಯಿಲ್ ಸೀಲ್ ಹೋಗಿದೆ," ಅಂದಳು. ಕೊಳವೆಯೊಳಗಿನ ಎಣ್ಣೆ ಹೊರಗೆ ಬಾರದಂತೆ ತಡೆಯುವ ರಬ್ಬರಿನ ಉಂಗುರ ಅದು.

"ಪ್ರಾಣ ಉಳೀತಲ್ಲ, ಮೊದ್ಲು ಅದು ನೋಡಮ್ಮ," ಅಂದ ಹಾಲು ಅಳೆಯುವವನು.

ಆ ಗಾಡಿ ಅವಳಪ್ಪ ಗಂಗುಲಪ್ಪನದು. ಮಂಡಿ ನೋವು ಬಂದು ಕಿಕ್ ಹೊಡೆಯಲು ಆಗದಂತಾದ ವರ್ಷ ಆತ ಮಗಳಿಗೆ ಎರಡು ವಸ್ತು ಕೊಟ್ಟ. ಕೆರೆಯಾಚೆಯ ಒಂದು ಎಕರೆ ಹಿಪ್ಪುನೇರಳೆ ತೋಟ, ಅಲ್ಲಿಂದ ಸೊಪ್ಪು ತರಲಿಕ್ಕೆ ಈ ಗಾಡಿ. "ತೋಟ ಕೊಟ್ಟು ಗಾಡಿ ಕೊಡದಿದ್ರೆ ಬಾವಿ ಕೊಟ್ಟು ಹಗ್ಗ ಇಟ್ಕೊಂಡಂಗೆ," ಅಂದಿದ್ದ. ಆತ ತೀರಿಕೊಂಡು ಎರಡು ವರ್ಷವಾಯಿತು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಕೆರೆಕಟ್ಟೆಯ ಮೇಲೆ ಗಾಡಿ ಕಲಿತು, ಚಿಂತಾಮಣಿಗೆ ಹೋಗಿ ಲೈಸೆನ್ಸು ಮಾಡಿಸಿಕೊಂಡ ಮೇಲೆ ಸೊಪ್ಪು ತರುವುದು, ರೇಷ್ಮೆ ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಒಯ್ಯುವುದು ಎಲ್ಲ ರಾಧಾಮಣಿಯದೇ. ಗಂಡ ತಿರುಮಲೇಶ್ ಗೌರಿಬಿದನೂರಿನ ಒಂದು ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಶನಿವಾರ ಬಂದು ಸೋಮವಾರ ಹೋಗುವವನು.

ಅವಳು ಗಾಡಿ ತಳ್ಳಿಕೊಂಡು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಮಾವ ಪಾಪಯ್ಯ ಜಗಲಿಯ ಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಮೊಣಕೈ ನೋಡಿದರು, ಗಾಡಿ ನೋಡಿದರು. ಆಗ ಏನೂ ಅನ್ನಲಿಲ್ಲ. ಪಾಪಯ್ಯನವರು ಏನೂ ಅನ್ನದಿದ್ದರೆ ಊಟದ ಹೊತ್ತಿಗೆ ಅಂತಾರೆ ಅಂತಲೇ ಲೆಕ್ಕ.

ಮಧ್ಯಾಹ್ನ ಅತ್ತೆ ಲಕ್ಷ್ಮೀನರಸಮ್ಮ, ರಾಧಾಮಣಿ, ಮಗಳು ಕಲ್ಯಾಣಿ ಮೂವರೂ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತಿದ್ದರು. ಕಲ್ಯಾಣಿ ಶಿಡ್ಲಘಟ್ಟದ ಕಾಲೇಜಿನಲ್ಲಿ ಎರಡನೇ ವರ್ಷದ ಡಿಗ್ರಿ. ಪಾಪಯ್ಯ ಮುದ್ದೆ ಮುರಿಯುತ್ತ ಶುರು ಮಾಡಿದರು.

"ಗಂಡಸಿನ ಗಾಡಿ ಕಣಮ್ಮ ಅದು. ಹೆಣ್ಣುಮಗಳು ನಡುಬೀದೀಲಿ ಬಿದ್ಲು ಅಂತ ಡೈರಿ ಹತ್ರ ಎಲ್ಲಾ ನನ್ನೇ ಕೇಳ್ತಾರೆ. ನಾನೇನು ಹೇಳ್ಲಿ?"

"ಸೀಲ್ ಹೋಗಿತ್ತು ಅನ್ನಿ ಮಾವ."

"ಸೀಲಂತೆ! ಇಪ್ಪತ್ತು ವರ್ಷ ನಿಮ್ಮಪ್ಪ ಓಡಿಸ್ದ, ಹೋಗ್ಲಿಲ್ಲ. ನೀನು ಹತ್ತಿದ ಮೇಲೆ ಹೋಯ್ತು."

"ಇಪ್ಪತ್ತು ವರ್ಷದ ರಬ್ಬರು ಹೋಗ್ದೆ ಇನ್ನೇನು ತಾತ," ಅಂದಳು ಕಲ್ಯಾಣಿ. "ಹೋದ ವರ್ಷ ಚಿಕ್ಕಪ್ಪ ಚರಂಡೀಗೆ ಬಿದ್ದಿದ್ದು ಯಾರ ಗಾಡಿ? ಅದೂ ಗಂಡಸಿನ ಗಾಡೀನೇ ಅಲ್ವಾ?"

ಲಕ್ಷ್ಮೀನರಸಮ್ಮನ ಬೆರಳ ಸಂದಿಯಿಂದ ಒಂದು ಬೇಳೆ ಚಿಮ್ಮಿ ಗೋಡೆಗೆ ಹೋಗಿ ಬಡಿಯಿತು. ಆಕೆ ನಗು ನುಂಗಿಕೊಂಡು ಸಿಪ್ಪೆ ಆರಿಸತೊಡಗಿದರು.

"ಬಾಯಿ ನೋಡು ಇವಳ್ದು," ಪಾಪಯ್ಯ ಸಾರು ಸುರಿದುಕೊಂಡರು. "ಕೇಳಿಲ್ಲಿ ರಾಧಾಮಣಿ. ಚನ್ನಕೇಶವ ಮಾಲೆ ಹಾಕವ್ನೆ. ಶಬರಿಮಲೆಗೆ ಹೋಗಿ ಬರೋ ಹೊತ್ತಿಗೆ ನಿಮ್ಮ ಹುಳ ಗೂಡು ಕಟ್ಟಿರ್ತವೆ. ಗೂಡು ಬಿಡಿಸೋ ದಿನ ಅವನು ಬಂದು ಗಾಡಿ ತಗೊಂಡು ಹೋಗ್ತಾನೆ. ರಿಪೇರಿ ಅವನೇ ಮಾಡಿಸ್ಕೊಂತಾನೆ. ಇನ್ಮೇಲೆ ತೋಟ, ಮಾರ್ಕೆಟ್ಟು ಅವನು ನೋಡ್ಲಿ. ನೀನು ಹುಳುಮನೆ ನೋಡ್ಕೋ, ಅಡಿಗೆಮನೆ ನೋಡ್ಕೋ. ಅಲ್ಲಿವರೆಗೂ ಸೊಪ್ಪು ತಲೆ ಮೇಲೆ ಬರ್ಲಿ. ನಮ್ಮವ್ವ ಹೊರ್ಲಿಲ್ವಾ?"

ಚನ್ನಕೇಶವ ಅವರ ಕಿರಿಯ ಮಗ. ಪಕ್ಕದ ಬೀದಿಯಲ್ಲಿ ಬೇರೆ ಮನೆ ಮಾಡಿಕೊಂಡು ಕೋಳಿ ಅಂಗಡಿ ಇಟ್ಟಿದ್ದ.

"ತಲೆ ಮೇಲೆ ಹೊರ್ತೀನಿ ಮಾವ," ಅಂದಳು ರಾಧಾಮಣಿ. "ಗಾಡಿ ಮಾತ್ರ ಕೊಡಲ್ಲ. ಆರ್‌ಸಿ ನನ್ನ ಹೆಸರಲ್ಲಿದೆ."

"ಹೆಸರಲ್ಲಿದ್ರೆ ಇರ್ಲಮ್ಮ. ನಿಂತಿರೋದು ನನ್ನ ಅಂಗಳದಲ್ಲಿ."

ರಾಧಾಮಣಿ ಒಂದು ಅವರೆಕಾಳು ತೆಗೆದುಕೊಂಡು ಹಿತುಕಿದಳು. ಸಿಪ್ಪೆ ಅವಳ ಕೈಯಲ್ಲಿ ಉಳಿಯಿತು, ಬೇಳೆ ನೆಟ್ಟಗೆ ಪಾತ್ರೆಗೆ ಬಿತ್ತು.

"ಗೂಡು ಬಿಡಿಸೋ ದಿನ ಗಾಡಿ ಸೋರ್ತಿದ್ರೆ ಚನ್ನಕೇಶವನಿಗೆ ಕೊಡಿ," ಅಂದಳು. "ಸೋರದಿದ್ರೆ ನನಗೆ."

"ಆಗ್ಲಿ," ಅಂದರು ಪಾಪಯ್ಯ, ಸೋತು ಗೊತ್ತಿಲ್ಲದವರ ದನಿಯಲ್ಲಿ.

ಸಂಜೆ ಅವಳು ಗಾಡಿ ತಳ್ಳಿಕೊಂಡು ಕೋನಪ್ಪನ ಗ್ಯಾರೇಜಿಗೆ ಹೋದಳು. ಊರಿಗೆಲ್ಲ ಅವನೊಬ್ಬನೇ ಮೆಕ್ಯಾನಿಕ್ಕು. ಆತ ಗಾಡಿ ಮುಟ್ಟಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತ.

"ತಪ್ಪು ತಿಳ್ಕೋಬೇಡ್ರಮ್ಮ. ಪಾಪಯ್ಯಣ್ಣ ಮಧ್ಯಾಹ್ನ ಬಂದು ಹೇಳವ್ರೆ. ಆ ಗಾಡಿ ಮೇಲೆ ಕೈ ಇಡಬೇಡ ಕೋನಪ್ಪ ಅಂತ. ಹಿರಿಯರ ಮಾತು."

ರಾಧಾಮಣಿ ಗಾಡಿಗೆ ಸ್ಟ್ಯಾಂಡು ಹಾಕಿದಳು.

"ಗಾಡಿ ಮೇಲೆ ಕೈ ಇಡಬೇಡ ಅಂದ್ರು. ಸೀಲ್ ಮಾರಬೇಡ ಅಂದ್ರಾ?"

"ಅದೇನೂ ಹೇಳ್ಲಿಲ್ಲ."

"ಎಣ್ಣೆ?"

"ಅದೂ ಹೇಳ್ಲಿಲ್ಲ," ಅಂದ ಕೋನಪ್ಪ. ಅವನ ಮೀಸೆಯ ಕೆಳಗೆ ನಗು ಬಂತು.

"ಹಂಗಾದ್ರೆ ಎರಡು ಸೀಲು, ಎರಡಕ್ಕೂ ಆಗೋಷ್ಟು ಎಣ್ಣೆ ಕೊಡಪ್ಪ. ಬುಡದ ಬೋಲ್ಟಿಗೆ ಹಾಕೋ ಅಲನ್ ಕೀನೂ ಕೊಡು. ವಾಪಸ್ ತಂದ್ಕೊಡ್ತೀನಿ."

ಕೋನಪ್ಪ ಎಲ್ಲ ಕಾಗದದಲ್ಲಿ ಸುತ್ತಿಕೊಟ್ಟ. ಅವಳು ಹೊರಟಾಗ ಎತ್ತಲೋ ನೋಡುತ್ತ, ಯಾರಿಗೋ ಹೇಳುವ ಹಾಗೆ ಹೇಳಿದ: "ಸೀಲಿನ ತುಟಿಗೆ ಎಣ್ಣೆ ಸವರಿ ಕೂರಿಸ್ಬೇಕು. ಒಂದು ಕೂದಲೆಳೆ ಧೂಳು ಇರಬಾರ್ದು. ತುಟಿ ಹರಿದ್ರೆ ಮುಗೀತು."

ಗಾಡಿ ಬಿಚ್ಚಲು ಒಂದು ಇಡೀ ಹಗಲು ಬೇಕು. ಹುಳು ಸಾಕುವ ಮನೆಯಲ್ಲಿ ಇಡೀ ಹಗಲು ಅಂತ ಸಿಗುವುದು ಜ್ವರದ ದಿನ ಮಾತ್ರ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ತಲೆ ಎತ್ತಿ, ಬಾಯಿ ಕಟ್ಟಿ, ಚರ್ಮ ಕಳಚುತ್ತವೆ. ಊರಲ್ಲಿ ಅದಕ್ಕೆ ಜ್ವರ ಅಂತಾರೆ. ಜ್ವರದಲ್ಲಿ ಸೊಪ್ಪು ಹಾಕುವ ಹಾಗಿಲ್ಲ. ತಟ್ಟೆಗಳ ಮೇಲೆ ಸುಣ್ಣದ ಪುಡಿ ಧೂಳಿಸಿ, ಗಾಳಿ ಬಿಟ್ಟು, ಕಾಯಬೇಕು. ನಾಲ್ಕನೇ ಜ್ವರ ಬಿಟ್ಟಿತೋ, ಆಮೇಲೆ ಎಂಟು ದಿನ ಹುಳು ಬೆಂಕಿಯಂತೆ ತಿನ್ನುತ್ತವೆ. ಮನೆಯವರಿಗೆ ತಾವು ತಿನ್ನಲೂ ಪುರಸೊತ್ತಿರುವುದಿಲ್ಲ.

ಗುರುವಾರ ಬೆಳಿಗ್ಗೆ ಹುಳು ನಾಲ್ಕನೇ ಜ್ವರಕ್ಕೆ ಬಿದ್ದವು. ರಾಧಾಮಣಿ ಸುಣ್ಣ ಧೂಳಿಸಿ ಹೊರಗೆ ಬಂದಳು. ಎಣ್ಣೆ ವಾಸನೆ ಹುಳುವಿಗೆ ಆಗದು. ಅದಕ್ಕೆ ಗಾಡಿಯನ್ನು ಅಂಗಳದ ಆ ತುದಿಯಲ್ಲಿ, ಹುಣಸೆಮರದ ಕೆಳಗೆ, ಗಾಳಿ ಆಕಡೆ ಹೋಗುವ ಜಾಗದಲ್ಲಿ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಇಟ್ಟಿಗೆ ಪೇರಿಸಿದಳು. ಮುಂದಿನ ಚಕ್ರ ನೆಲ ಬಿಟ್ಟಿತು.

ಕಲ್ಯಾಣಿ ಕಾಲೇಜಿಗೆ ಹೋಗಿರಲಿಲ್ಲ. ಅವಳು ಮುಟ್ಟಾಗಿ ಎರಡನೇ ದಿನ. ಲಕ್ಷ್ಮೀನರಸಮ್ಮನ ಕಟ್ಟಳೆಯಲ್ಲಿ ಮುಟ್ಟಾದವರು ಹುಳುಮನೆಯ ಹೊಸ್ತಿಲು ತುಳಿಯುವಂತಿಲ್ಲ. ಹೊಟ್ಟೆನೋವು ಅಂತ ಕಾಲೇಜಿಗೆ ಚಕ್ಕರ್ ಹಾಕಿ, ಫೋನಿನಲ್ಲಿ ವಿಡಿಯೋ ಹಚ್ಚಿಕೊಂಡು ಅವ್ವನ ಎದುರಿಗೆ ಕೂತಿದ್ದಳು.

"ಹೊಟ್ಟೆನೋವು ಇರೋರು ಹಿಂಗೆ ಚಕ್ರ ಎತ್ತಲ್ಲ," ಅಂದರು ಜಗಲಿಯಿಂದ ಪಾಪಯ್ಯ.

"ಎತ್ತಿದ್ರೆ ಹೋಗುತ್ತಂತೆ ತಾತ, ಫೋನಲ್ಲಿ ಬಂದಿದೆ."

ಚಕ್ರ ಬಂತು, ಮಡ್‌ಗಾರ್ಡು ಬಂತು, ಎರಡೂ ಕೊಳವೆ ಕಳಚಿ ಬಂದವು. ಮೇಲಿನ ಮುಚ್ಚಳದ ಬೋಲ್ಟು ತಿರುಗಿಸುತ್ತಿದ್ದಂತೆ ಒಳಗಿನ ಸ್ಪ್ರಿಂಗು ಟಪ್ಪೆಂದು ಅದನ್ನು ಹಾರಿಸಿತು. ಅದು ಹೋಗಿ ಕೋಳಿಗೂಡಿನ ಮೇಲೆ ಬಿದ್ದು ಹೇಂಟೆಗಳು ಅಂಗಳ ತುಂಬ ಓಡಾಡಿದವು.

"ಗುಂಡು ಹಾರಿಸ್ತಾವ್ರೆ ಇಬ್ರೂ," ಅಂದರು ಪಾಪಯ್ಯ. ಎದ್ದು ಹೋಗಲಿಲ್ಲ ಮಾತ್ರ.

ಬುಡದ ಬೋಲ್ಟು ಬರಲಿಲ್ಲ. ಅಲನ್ ಕೀ ತಿರುಗಿಸಿದರೆ ಒಳಗಿನ ಕೊಳವೆಯೂ ಜೊತೆಗೇ ಗಿರಗಿರ ತಿರುಗುತ್ತಿತ್ತು. ಕಲ್ಯಾಣಿ ವಿಡಿಯೋವನ್ನು ಮೂರು ಸಲ ಹಿಂದೆ ಹಾಕಿದಳು.

"ಅಮ್ಮ, ನಾವು ಮೊದ್ಲು ಇದನ್ನ ಸಡಿಲಿಸ್ಬೇಕಿತ್ತು, ಆಮೇಲೆ ಸ್ಪ್ರಿಂಗು. ಉಲ್ಟಾ ಮಾಡಿದೀವಿ."

"ಉಲ್ಟಾ ಮಾಡಿದ್ರೆ ಸೀದಾ ಮಾಡಣ."

ಸ್ಪ್ರಿಂಗನ್ನು ಮತ್ತೆ ಒಳಗೆ ಹಾಕಿ ಮುಚ್ಚಳ ಬಿಗಿದರು. ರಾಧಾಮಣಿ ಕೊಳವೆಯ ತುದಿಯನ್ನು ಹುಣಸೆಮರಕ್ಕೆ ಆನಿಸಿ, ಎದೆಯಿಂದ ಒತ್ತಿ ಹಿಡಿದಳು. ಸ್ಪ್ರಿಂಗು ಒಳಗೆ ಬಿಗಿಯಿತು. ಕಲ್ಯಾಣಿ ಅಲನ್ ಕೀಗೆ ಕಬ್ಬಿಣದ ಪೈಪು ಸಿಕ್ಕಿಸಿ ಎರಡೂ ಕೈಯಲ್ಲಿ ಎಳೆದಳು. ಟಕ್ ಅಂತ ಸದ್ದಾಯಿತು. ಬಂತು.

"ಬಂತಾ?" ಅಂದರು ಪಾಪಯ್ಯ ತಡೆಯಲಾರದೆ.

"ಬಂತು ತಾತ."

"ಬರ್ದೆ ಏನ್ಮಾಡುತ್ತೆ. ಹಳೇ ಬೋಲ್ಟು."

ಒಳಗಿದ್ದ ಎಣ್ಣೆ ಕೆಸರಿನ ಬಣ್ಣ. ಹಳೆಯ ಸೀಲು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಲಾಕು ರಿಂಗು ತೆಗೆದು, ಸ್ಕ್ರೂಡ್ರೈವರಿನಲ್ಲಿ ಮೀಟಿದಾಗ ಚೂರಾಗಿ ಬಂತು.

ಅಷ್ಟರಲ್ಲಿ ಹುಳುಮನೆಯಿಂದ ಲಕ್ಷ್ಮೀನರಸಮ್ಮ ಕೂಗಿದರು. "ರಾಧಾ, ಬಾರೇ ಇಲ್ಲಿ. ಮೂಲೆ ತಟ್ಟೇಲಿ ಕೆಲವು ಎದ್ದಿರೋ ಹಂಗಿದೆ. ನನ್ನ ಕಣ್ಣಿಗೆ ಸರಿ ಕಾಣಲ್ಲ."

"ಎಣ್ಣೆ ಕೈಯಲ್ಲಿ ಹೋದೀಯ!" ಪಾಪಯ್ಯ ಗದರಿದರು. "ಸೋಪು ಹಾಕಿ ತೊಳಿ. ಸುಣ್ಣ ಹಚ್ಚಿ ಒಳಗೆ ಹೋಗು."

ಹೇಳಬೇಕಾಗಿರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಸೋಪು, ನೀರು, ಬಾಗಿಲ ಪಕ್ಕದ ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣದ ಪುಡಿ ಎರಡೂ ಅಂಗೈಗೆ. ಆ ದಿನ ಅತ್ತೆ ಮೂರು ಸಲ ಕರೆದರು. ರಾಧಾಮಣಿ ಮೂರು ಸಲ ಹೋಗಿ ಬಂದಳು. ಮೂರನೇ ಸಲ ಬಂದು ಕೂತವಳು ಎಡಗಡೆಯ ಸೀಲು ಎತ್ತಿಕೊಂಡಳು. ಬಲಗಡೆಯದನ್ನು ಕಲ್ಯಾಣಿ. ತೋಟದ ಹನಿ ನೀರಾವರಿಗೆ ತಂದು ಉಳಿದಿದ್ದ ಪಿವಿಸಿ ಪೈಪಿನ ತುಂಡು ಸೀಲಿನ ಅಂಚಿಗೆ ಅಳತೆ ಮಾಡಿಸಿದ ಹಾಗೆ ಕೂತಿತು. ಪೈಪಿನ ಮೇಲೆ ಮೆಲ್ಲಗೆ ಬಡಿದು ಎರಡನ್ನೂ ಕೂರಿಸಿದರು. ಎಣ್ಣೆ ಹುಯ್ದರು. ಬಿಸಿಲು ಇಳಿಯುವ ಮೊದಲು ಗಾಡಿ ಎರಡು ಚಕ್ರದ ಮೇಲೆ ನಿಂತಿತ್ತು. ರಾಧಾಮಣಿ ಕೆರೆಕಟ್ಟೆಯವರೆಗೂ ಓಡಿಸಿಕೊಂಡು ಬಂದಳು. ಆ ಸಂಜೆ ಮನೆಯಲ್ಲಿ ಪಾಯಸವಾಯಿತು. ಪಾಪಯ್ಯ ಎರಡು ಸಲ ಹಾಕಿಸಿಕೊಂಡರು, ಯಾಕೆ ಪಾಯಸ ಅಂತ ಕೇಳಲಿಲ್ಲ.

ಬೆಳಿಗ್ಗೆ ಅವಳು ಎದ್ದು ಬಂದಾಗ ಮಾವ ಆಗಲೇ ಗಾಡಿಯ ಮುಂದೆ ಬಗ್ಗಿದ್ದರು. ತೋರುಬೆರಳಿನಿಂದ ಎಡಗಡೆಯ ಕೊಳವೆಯ ಸುತ್ತ ಒಂದು ಸುತ್ತು ಎಳೆದು, ಬೆರಳನ್ನು ಮೂಗಿಗೆ ಹಿಡಿದು, ಆಮೇಲೆ ಅವಳ ಕಡೆಗೆ ಚಾಚಿದರು. ಬೆರಳ ತುದಿಯಲ್ಲಿ ಎಣ್ಣೆ ಮಿನುಗುತ್ತಿತ್ತು.

"ನೋಡಮ್ಮ."

ಅವಳು ನೋಡಿದಳು. ಬಲಗಡೆ ಒಣಗಿತ್ತು. ಎಡಗಡೆ ಮಾತ್ರ ಮತ್ತೆ ಕಪ್ಪು ಬಳೆ.

"ಗೂಡು ಬಿಡಿಸೋ ದಿನ ಇವತ್ತಲ್ಲ ಮಾವ," ಅಂದಳು.

ಮಧ್ಯಾಹ್ನದ ಹೊತ್ತಿಗೆ ಹುಳು ಜ್ವರದಿಂದ ಎದ್ದವು. ಇನ್ನು ಸೊಪ್ಪು, ಸೊಪ್ಪು, ಸೊಪ್ಪು. ಸೋರುವ ಗಾಡಿಯ ಮೇಲೆ ಹೊರೆ ಕಟ್ಟಿ ಇನ್ನೊಂದು ಸಲ ಬಿದ್ದರೆ ಅಲ್ಲಿಗೆ ಮಾತೇ ಮುಗಿದ ಹಾಗೆ. ರಾಧಾಮಣಿ ಗಾಡಿಗೆ ಹಳೆ ಬೆಡ್‌ಶೀಟು ಹೊದಿಸಿ, ತಲೆಗೆ ಸಿಂಬಿ ಸುತ್ತಿದಳು. ಬೆಳಿಗ್ಗೆ ಎರಡು ಹೊರೆ, ಸಂಜೆ ಎರಡು. ಕಲ್ಯಾಣಿ ಬಸ್ಸಿನ ಹೊತ್ತಿಗಿಂತ ಮೊದಲು ಒಂದು. ಹೋಗಲು ಒಂದೂವರೆ ಮೈಲಿ, ಬರಲು ಒಂದೂವರೆ ಮೈಲಿ. ಡೈರಿ ಮುಂದೆ ನಿಂತವರು ಈಗ ಬೇರೆ ಮಾತಾಡಿದರು.

"ಏನಮ್ಮ, ಗಾಡಿ ಮಲಗ್ಬಿಟ್ಟಿದೆಯಂತೆ?"

"ಅದಕ್ಕೂ ಜ್ವರ ಬಂದಿದೆ. ಎದ್ದೇಳುತ್ತೆ," ಅನ್ನುತ್ತಿದ್ದಳು ಹೊರೆಯ ಕೆಳಗಿನಿಂದ.

ಶನಿವಾರ ತಿರುಮಲೇಶ್ ಬಂದ. ಫೋನಿನಲ್ಲಿ ಅಪ್ಪನ ಮಾತೂ ಕೇಳಿದ್ದ, ಹೆಂಡತಿಯ ಮಾತೂ ಕೇಳಿದ್ದ. ಎರಡಕ್ಕೂ ಹೂಂ ಅಂದಿದ್ದ. ಕೈಕಾಲು ತೊಳೆದು ಊಟಕ್ಕೆ ಕೂತು ಮೆಲ್ಲಗೆ ತೆಗೆದ.

"ಬಿಡು ರಾಧಾ. ಅಪ್ಪ ಹೇಳೋದ್ರಲ್ಲೂ ಅರ್ಥ ಇದೆ. ಚನ್ನಕೇಶವ ತಂದು ಹಾಕಿದ್ರೆ ನಿನಗೇ ಆರಾಮು."

"ರೀ, ಇನ್ನೊಂದು ತುತ್ತು ಅನ್ನ ಹಾಕ್ಕೊಳ್ಳಿ."

"ಯಾಕೆ?"

"ನಾಳೆ ಬೆಳಿಗ್ಗೆ ನೀವೇ ಎರಡು ಹೊರೆ ತನ್ನಿ. ತಂದು ಆಮೇಲೆ ಆರಾಮದ ಮಾತಾಡಣ."

ಕಲ್ಯಾಣಿ ತಟ್ಟೆಯಲ್ಲಿ ಮುಖ ಹುದುಗಿಸಿಕೊಂಡಳು. ಲಕ್ಷ್ಮೀನರಸಮ್ಮ ಮಗನ ತಟ್ಟೆಗೆ ಅನ್ನ ಬಡಿಸಿಯೇಬಿಟ್ಟರು.

ಭಾನುವಾರ ಬೆಳಿಗ್ಗೆ ತಿರುಮಲೇಶ್ ಒಂದು ಹೊರೆ ತಂದ. ಎರಡನೆಯದನ್ನು ಕೆರೆಕಟ್ಟೆಯ ಮೇಲೆ ಇಳಿಸಿ ಕೂತುಬಿಟ್ಟ. ಹಿಂದೆ ಬಂದ ರಾಧಾಮಣಿ ತನ್ನ ಹೊರೆಯ ಸಮೇತ ನಿಂತಳು.

"ದಿನಾ ಹಿಂಗೇ ತಂದೆಯಾ?" ಅಂದ ಕುತ್ತಿಗೆ ನೀವಿಕೊಳ್ಳುತ್ತ.

"ದಿನಾ."

"ಚನ್ನಕೇಶವ ತರ್ತಾನಲ್ಲ..."

"ಅವನು ಮದುವೆಮನೆ ಕೋಳಿ ಆರ್ಡರ್ ಬಂದ ದಿನ ತರ್ತಾನಾ? ಹುಳ ಹಬ್ಬ ನೋಡಲ್ಲ ರೀ. ನಾಲ್ಕು ಹೊತ್ತು ನೋಡುತ್ತೆ. ನಮ್ಮಪ್ಪ ತೋಟ ನನಗೆ ಕೊಟ್ಟಿದ್ದು ಇನ್ನೊಬ್ಬರ ಬಾಗಿಲು ಕಾಯ್ಲಿ ಅಂತಲ್ಲ. ನೀವು ನನ್ನ ಕಡೆ ಮಾತಾಡೋದೂ ಬೇಡ, ಅವರ ಕಡೆ ಮಾತಾಡೋದೂ ಬೇಡ. ಈ ಹೊರೆ ಎತ್ತಿ, ಸಾಕು."

ಅವನು ಎತ್ತಿದ. ಮನೆಗೆ ಬಂದ ಮೇಲೆ ಅಪ್ಪ ಗಾಡಿಯ ಮಾತು ತೆಗೆದಾಗ, "ನನಗೆ ಕುತ್ತಿಗೆ ನೋವು ಅಪ್ಪ," ಅಂದು ಗೋಡೆಗೆ ತಿರುಗಿ ಮಲಗಿದ. ತಿರುಮಲೇಶನ ಮಟ್ಟಿಗೆ ಅದು ದೊಡ್ಡ ಮಾತು.

ಎಂಟನೇ ದಿನ ಹುಳು ಹಣ್ಣಾದವು. ಮೈ ಹೊನ್ನಿನ ಬಣ್ಣಕ್ಕೆ ತಿರುಗಿ ತಲೆ ಎತ್ತಿ ಜಾಗ ಹುಡುಕತೊಡಗಿದವನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟರು. ಬಿದಿರಿನ ಆ ಸುರುಳಿಗಳಲ್ಲಿ ಹುಳು ನೂಲು ಬಿಡಲು ಶುರು ಮಾಡಿದ ಮೇಲೆ ಮನೆಗೆ ಉಸಿರು ಬಂತು. ಗೂಡು ಬಿಡಿಸಲು ಐದು ದಿನ. ಶಬರಿಮಲೆಗೆ ಹೋದವರ ಬಸ್ಸು ಹೊರಟಿದೆ, ದಾರಿಯ ಗುಡಿಗಳನ್ನೆಲ್ಲ ನೋಡಿಕೊಂಡು ಗೂಡು ಬಿಡಿಸೋ ಹೊತ್ತಿಗೆ ಊರು ಸೇರುತ್ತೆ ಅಂತಲೂ ಫೋನು ಬಂತು.

ರಾಧಾಮಣಿ ಕೋನಪ್ಪನಿಂದ ಒಂದು ಸೀಲು ತಂದಳು. ಮಧ್ಯಾಹ್ನ ಹುಣಸೆಮರದ ಕೆಳಗೆ ಎಡಗಡೆಯದನ್ನು ಮತ್ತೆ ಬಿಚ್ಚಿದಳು. ಈ ಸಲ ಬುಡದ ಬೋಲ್ಟು ಮೊದಲು, ಸ್ಪ್ರಿಂಗು ಆಮೇಲೆ. ಒಂದು ಗಂಟೆಯೂ ಹಿಡಿಯಲಿಲ್ಲ. ಹೋದ ವಾರ ಕೂರಿಸಿದ್ದ ಸೀಲನ್ನು ಹೊರಗೆ ತೆಗೆದು ಪೇಪರಿನ ಮೇಲೆ ಇಟ್ಟಳು. ನೋಡಲಿಕ್ಕೆ ಹೊಸದೇ. ಒಳತುಟಿಯಲ್ಲಿ ಮಾತ್ರ ಉಗುರಿನಿಂದ ಗೀರಿದ ಹಾಗೆ ಒಂದು ಸಣ್ಣ ಗೆರೆ.

"ಹೊಸದು ಯಾಕೆ ಹರೀತು?" ಅಂದಳು ಕಲ್ಯಾಣಿ. "ಬಲಗಡೇದು ನಾನೂ ಹಿಂಗೇ ಹಾಕಿದ್ದೆ. ಅದೇ ಪೈಪು, ಅದೇ ಎಣ್ಣೆ."

ರಾಧಾಮಣಿಗೂ ತಿಳಿಯಲಿಲ್ಲ. ಕಾರಣ ತಿಳಿಯದೆ ಮೂರನೆಯದನ್ನು ಹಾಕಿದರೆ ಅದೂ ಹರಿದೀತು. ಮೊದಲ ಸಲ ಅವಳಿಗೆ ಹೆದರಿಕೆಯಾಯಿತು.

ಲಕ್ಷ್ಮೀನರಸಮ್ಮ ಎಲೆಅಡಿಕೆ ಚೀಲ ಹಿಡಿದುಕೊಂಡು ಬಂದು ಕಲ್ಲಿನ ಮೇಲೆ ಕೂತರು. ಇಷ್ಟು ದಿನ ಆಕೆ ಗಾಡಿಯ ಹತ್ತಿರ ಬಂದಿರಲಿಲ್ಲ. ಸೀಲು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಗೆರೆಯ ಮೂಲೆಯಲ್ಲಿ ಎಣ್ಣೆಗೆ ಅಂಟಿಕೊಂಡು ಸಾಸಿವೆಗಿಂತ ಸಣ್ಣದಾದ ಎರಡು ಬಿಳಿ ಕಾಳು ಇದ್ದವು. ಉಗುರಿನಲ್ಲಿ ಒಂದನ್ನು ಎಬ್ಬಿಸಿ, ಬೆರಳ ಮಧ್ಯೆ ಉಜ್ಜಿ, ನಾಲಿಗೆಯ ತುದಿಗೆ ಇಟ್ಟುಕೊಂಡರು.

"ಅಜ್ಜಿ! ಥೂ!"

"ಥೂ, ಎಣ್ಣೆ ನಾತ," ಅಂದು ಉಗುಳಿದರು ಆಕೆ. "ಆದ್ರೂ ಸುಣ್ಣ ಕಣೇ ಇದು. ಐವತ್ತು ವರ್ಷದಿಂದ ಎಲೆಗೆ ಹಚ್ಕೊಂಡು ತಿಂತಿದೀನಿ, ನನ್ನ ನಾಲಿಗೆಗೆ ಗೊತ್ತಾಗಲ್ವಾ? ಸುಣ್ಣದ ಕಾಳು ಕುತ್ಕೊಂಡು ಕೊಯ್ದಿದೆ."

ರಾಧಾಮಣಿ ತನ್ನ ಅಂಗೈ ನೋಡಿಕೊಂಡಳು. ಗೆರೆಗೆರೆಯಲ್ಲೂ ಬಿಳಿ. ತೊಳೆದರೂ ಹೋಗದ ಬಿಳಿ.

"ನೀವು ಮೂರು ಸಲ ಕರೆದ್ರಿ ಅತ್ತೆ," ಅಂದಳು. "ಮೂರು ಸಲ ಸುಣ್ಣ ಹಚ್ಚಿ ಹೋದೆ. ಹಂಗೇ ಬಂದು ಸೀಲು ಹಿಡಿದೆ."

"ಅಯ್ಯೋ ಪಿಚ್ಚಿದಾನಾ, ಹುಚ್ಚಿ! ಹುಳ ಮುಟ್ಟೋ ಕೈ ಬೇರೆ, ಕಬ್ಬಿಣ ಮುಟ್ಟೋ ಕೈ ಬೇರೆ ಅನ್ಬಾರ್ದಾ?"

"ಹಂಗಾದ್ರೆ ನನ್ನ ಕಡೇದು ಯಾಕೆ ಸೋರ್ಲಿಲ್ಲ?" ಅಂದಳು ಕಲ್ಯಾಣಿ. ಅಂದವಳ ಮುಖ ನಿಧಾನವಾಗಿ ಅರಳಿತು. "ಅಜ್ಜೀ, ನಾನು ಅವತ್ತು ಹುಳುಮನೆಗೆ ಬರೋ ಹಾಗಿರ್ಲಿಲ್ಲ ಅಲ್ವಾ? ಸುಣ್ಣ ಮುಟ್ಟೇ ಇಲ್ಲ. ನೋಡು, ಮುಟ್ಟಾದೋಳ ಕೈಯೇ ಚೊಕ್ಕ ಇತ್ತು!"

ಲಕ್ಷ್ಮೀನರಸಮ್ಮ ಮೊಮ್ಮಗಳನ್ನು ನೋಡಿದರು. ಎಲೆ ಮಡಿಸಿದರು. ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದರು.

"ಬಾಯಿ ಜಾಸ್ತಿ ಆಯ್ತು ನಿಂದು," ಅಂದರು ಕೊನೆಗೆ. ಬೈದ ಹಾಗಿರಲಿಲ್ಲ. ಎದ್ದು ಒಳಗೆ ಹೋಗಿ ತಮ್ಮ ಹಳೆಯ ಹತ್ತಿ ಸೀರೆಯ ಸೆರಗನ್ನು ಪರ್ರನೆ ಹರಿದುಕೊಂಡು ಬಂದರು. "ತಗೋ. ಒಗೆದು ಒಗೆದು ಮೆತ್ತಗಾಗಿದೆ. ಇದ್ರಲ್ಲಿ ಒರೆಸು. ರಾಧಾ, ಸೀಗೆಕಾಯಿ ಹಾಕಿ ಉಗುರೊಳಗೂ ಉಜ್ಜು. ಇವತ್ತು ನಿನ್ನನ್ನ ಯಾರು ಕರೆದ್ರೂ ಏಳಬೇಡ. ನಾನೂ ಕರೆಯಲ್ಲ."

ಜಗಲಿಯಿಂದ ಪಾಪಯ್ಯ ಕೂಗಿದರು. "ಕಾಫಿ ಆಗಿಲ್ವೇನಮ್ಮ ಇವತ್ತು?"

"ಒಲೆ ಅಲ್ಲೇ ಇದೆ, ಹಾಲೂ ಅಲ್ಲೇ ಇದೆ," ಅಂದರು ಲಕ್ಷ್ಮೀನರಸಮ್ಮ ತಿರುಗಿ ನೋಡದೆ. ನಲವತ್ತೇಳು ವರ್ಷದ ಸಂಸಾರದಲ್ಲಿ ಪಾಪಯ್ಯನವರಿಗೆ ಇಂಥ ಉತ್ತರ ಬಂದದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಒಳಗೆ ಪಾತ್ರೆ ಬಿದ್ದ ಸದ್ದು ಕೇಳಿತು. ಯಾರೂ ಏಳಲಿಲ್ಲ.

ರಾಧಾಮಣಿ ಸೀಲಿನ ತುಟಿಗೆ ಎಣ್ಣೆ ಸವರಿದಳು. ಮಗಳು ಪೈಪು ಹಿಡಿದಳು, ಅವಳು ಬಡಿದಳು, ಅತ್ತೆ ಹರಿದ ಸೆರಗಿನಲ್ಲಿ ಒರೆಸಿ ಒರೆಸಿ ಕೊಟ್ಟರು.

ಆ ಐದು ದಿನವೂ ಬೆಳಗಾದರೆ ಪಾಪಯ್ಯ ಗಾಡಿಯ ಮುಂದೆ ಬಗ್ಗುತ್ತಿದ್ದರು. ಬೆರಳು ಸುತ್ತುತ್ತಿತ್ತು, ಮೂಗಿಗೆ ಹೋಗುತ್ತಿತ್ತು, ಸುಮ್ಮನೆ ಕೆಳಗಿಳಿಯುತ್ತಿತ್ತು. ರಾಧಾಮಣಿ ರಂಗೋಲಿ ಹಾಕುತ್ತ ನೋಡುತ್ತಿದ್ದಳು.

ಗೂಡು ಬಿಡಿಸುವ ದಿನ ಮನೆ ಮಂದಿಯೆಲ್ಲ ಚಂದ್ರಿಕೆ ಮುಂದೆ ಕೂತಿದ್ದರು. ತಿರುಮಲೇಶ್ ರಜೆ ಹಾಕಿ ಬಂದಿದ್ದ. ಗಟ್ಟಿ ಗೂಡು, ಅಲ್ಲಾಡಿಸಿದರೆ ಒಳಗೆ ಕಾಳಿನಂತೆ ಸದ್ದು. ಎರಡು ಚೀಲ ತುಂಬಿದವು. ರಾಧಾಮಣಿ ಚೀಲಗಳನ್ನು ಗಾಡಿಗೆ ಬಿಗಿಯುತ್ತಿದ್ದಾಗ ಚನ್ನಕೇಶವ ಬಂದ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಅರವಣ ಪಾಯಸದ ಡಬ್ಬಿ.

"ಅತ್ತಿಗೆ, ಪ್ರಸಾದ ತಗೊಳ್ಳಿ. ಬೀಗದ ಕೈ ಕೊಡಿ."

ರಾಧಾಮಣಿ ಪ್ರಸಾದ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. "ಬೀಗದ ಕೈ ಮಾವನ್ನ ಕೇಳು. ಅವರದೂ ನಂದೂ ಒಂದು ಮಾತಾಗಿದೆ."

ಎಲ್ಲರೂ ಪಾಪಯ್ಯನವರ ಕಡೆ ನೋಡಿದರು. ಅವರು ಜಗಲಿ ಇಳಿದು ಬಂದು ಗಾಡಿಯ ಹ್ಯಾಂಡಲ್ಲು ಹಿಡಿದರು. ಮುಂದಿನ ಬ್ರೇಕು ಒತ್ತಿ, ಮೈಭಾರ ಹಾಕಿ, ಮೂರು ಸಲ ಅದುಮಿದರು. ಗಾಡಿ ಮೂರು ಸಲ ಕುಸಿದು ಮೂರು ಸಲವೂ ಮೆಲ್ಲಗೆ ತಲೆ ಎತ್ತಿತು. ಆಮೇಲೆ ಬಗ್ಗಿ ಬಲಗಡೆ ಬೆರಳು ಸುತ್ತಿದರು. ಎಡಗಡೆ ಸುತ್ತಿದರು. ಬಿಸಿಲಿಗೆ ಹಿಡಿದು ನೋಡಿದರು.

"ಏನಪ್ಪಾ?" ಅಂದ ಚನ್ನಕೇಶವ.

"ಇದೆ ಅಂತೀರೋ ಇಲ್ಲ ಅಂತೀರೋ?" ಅಂದರು ಲಕ್ಷ್ಮೀನರಸಮ್ಮ ಬಾಗಿಲಲ್ಲಿ ನಿಂತು.

"ಇಲ್ಲ," ಅಂದರು ಪಾಪಯ್ಯ. ಸೊಸೆಯ ಕಡೆ ತಿರುಗಿದರು. "ಇವತ್ತು ಇಲ್ಲ. ನಾಳೆ ಸೋರಿದ್ರೆ?"

ರಾಧಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿ ಹತ್ತಿ, ಕಿಕ್ ಹೊಡೆದಳು. ಒಂದೇ ಏಟಿಗೆ ಹತ್ತಿಕೊಂಡಿತು.

"ನಾಳೆ ಬೆಳಿಗ್ಗೆ ಮತ್ತೆ ಬೆರಳಿಟ್ಟು ನೋಡಿ ಮಾವ," ಅಂದಳು ಎಂಜಿನ್ನಿನ ಸದ್ದಿನ ಮೇಲೆ ಕೇಳಿಸುವ ಹಾಗೆ. "ಗಾಡಿ ಎಲ್ಲಿಗೂ ಹೋಗಲ್ಲ. ನಿಮ್ಮ ಅಂಗಳದಲ್ಲೇ ನಿಂತಿರುತ್ತೆ."

ಡೈರಿಯ ಮುಂದಿನ ಹಂಪಿನಲ್ಲಿ ಅವಳು ಬ್ರೇಕು ಹಿಡಿದಳು. ಗಾಡಿ ಸೊಂಟ ಬಗ್ಗಿಸಿ, ದಾಟಿ, ನೆಟ್ಟಗೆ ನಿಂತು, ಶಿಡ್ಲಘಟ್ಟದ ದಾರಿ ಹಿಡಿಯಿತು.